ಮುರುಗಲ ತುಪ್ಪ

ಮುರುಗಲ ತುಪ್ಪವು ಗಾರ್ಸೀನಿಯಾ ಇಂಡಿಕಾ ಎಂಬ ವೈಜ್ಞಾನಿಕ ಹೆಸರಿನ ಮುರುಗಲು ಮರದ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು. ಹೆಸರಿನಲ್ಲಿ ತುಪ್ಪವಿದ್ದರೂ ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಹಾಗೂ ಉತ್ತರ ಕನ್ನಡದ ಘಟ್ಟ ಪ್ರದೇಶಗಳಲ್ಲಿ ಚಳಿಗಾಲದ ಒಣಚರ್ಮ, ತುಟಿ ಬಿರುಕು ಮತ್ತು ಹಿಮ್ಮಡಿ ಒಡಕಿಗೆ ಮನೆಮದ್ದಾಗಿ ಬಳಕೆಯಲ್ಲಿದೆ. ಕರಾವಳಿಯಲ್ಲಿ ಈ ಹಣ್ಣಿಗೆ ಪುನರ್ಪುಳಿ ಎಂದು ಹೆಸರು.

ತಯಾರಿಕೆ

ಹಣ್ಣು ಏಪ್ರಿಲ್‌ನಿಂದ ಜೂನ್‌ವರೆಗೆ ಮಾಗುತ್ತದೆ. ಸಿಪ್ಪೆಯನ್ನು ಹುಳಿಗೂ ಪಾನಕಕ್ಕೂ ತೆಗೆದುಕೊಂಡ ಮೇಲೆ ಉಳಿಯುವ ಬೀಜವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಕುಟ್ಟಿ ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡು ಆರಿದಾಗ ಹೆಪ್ಪುಗಟ್ಟುತ್ತದೆ. ಅದನ್ನು ಉಂಡೆ ಕಟ್ಟಿಡುವುದು ರೂಢಿ. ಮಳೆ ಬೇಗ ಹಿಡಿದರೆ ಬೀಜ ಒಣಗದೆ ಬೂಸ್ಟು ಹಿಡಿಯುತ್ತದೆ. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ಹೆಚ್ಚಾಗಿರುವ ಈ ಕೊಬ್ಬು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಮಲೆನಾಡಿನ ಹವೆಯಲ್ಲಿ ವರ್ಷವಿಡೀ ಗಟ್ಟಿಯಾಗಿಯೇ ಇರುತ್ತದೆ.

ಬಳಕೆ ಮತ್ತು ಮಿತಿ

ಈ ತುಪ್ಪವು ಚರ್ಮಕ್ಕೆ ನೀರನ್ನು ಒದಗಿಸುವುದಿಲ್ಲ. ಇರುವ ತೇವವು ಆರಿಹೋಗದಂತೆ ಪದರವಾಗಿ ತಡೆಯುತ್ತದೆ. ಆದಕಾರಣ ಒಣಗಿದ ಕಾಲಿಗೆ ನೇರವಾಗಿ ಹಚ್ಚುವುದಕ್ಕಿಂತ, ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ, ಒರೆಸಿದ ಕೂಡಲೇ ಹಚ್ಚುವುದು ಹೆಚ್ಚು ಫಲಕಾರಿ. ಇದನ್ನು ತಿಳಿಯದೆ ಮದ್ದನ್ನೇ ದೂರುವವರುಂಟು. ರಕ್ತ ಜಿನುಗುವ ಅಥವಾ ಕೀವು ತುಂಬಿದ ಒಡಕಿಗೆ ಇದು ಔಷಧವಲ್ಲ. ಮಧುಮೇಹಿಗಳಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುವ ಸಾಧ್ಯತೆಯಿದ್ದು, ಕರಗಿಸಿದ ತುಪ್ಪದ ಬಿಸಿ ತಾಗಿ ಸುಟ್ಟರೂ ಅರಿವಿಗೆ ಬಾರದು. ಸಣ್ಣ ಬಿರುಕೂ ಹುಣ್ಣಾಗಬಹುದು. ಅಂಥವರು ಹಿಮ್ಮಡಿ ಒಡೆದಾಗ ಮೊದಲು ವೈದ್ಯರಿಗೆ ತೋರಿಸಬೇಕು.