ಬಾಡಿಗೆ ಏರಿದಾಗ ಕೊಂಡ ಹಡಗು

2021ರಲ್ಲಿ ಕಂಟೇನರ್ ಬಾಡಿಗೆ ಮುಗಿಲು ಮುಟ್ಟಿದಾಗ ಶಿಪ್ಪಿಂಗ್ ಷೇರು ತಗೊಂಡೋರು ನಿಮ್ಮಲ್ಲೂ ಇರಬಹುದು. ಇದೇ ಆಸೆಯ ಹಳೇ ಕಥೆಯೊಂದು ಮುಂಬೈಯದ್ದು. ಬಲ್ಲಾರ್ಡ್ ಎಸ್ಟೇಟಿನಲ್ಲಿ ಸಿಂಧಿಯಾ ಹೌಸ್ ನೋಡಿದ್ದೀರಲ್ಲ, ಆ ಕಂಪನಿಯದು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನ್‌ಗಳು ಹಡಗುಗಳನ್ನ ಮುಳುಗಿಸ್ತಾ ಹೋದ್ವು. ಉಳಿದ ಎಷ್ಟೋ ಹಡಗುಗಳನ್ನ ಬ್ರಿಟಿಷ್ ಸರ್ಕಾರ ಯುದ್ಧಕ್ಕೆ ಎಳ್ಕೊಂಡಿತು. ಸರಕಿಗೆ ಹಡಗಿಲ್ಲ, ಬಾಡಿಗೆ ಸಿಕ್ಕಾಪಟ್ಟೆ. 1919ರಲ್ಲಿ ವಾಲ್‌ಚಂದ್ ಹಿರಾಚಂದ್ (ಮುಂದೆ ಬೆಂಗಳೂರಿನ ಎಚ್‌ಎಎಲ್ ಹುಟ್ಟುಹಾಕಿದವರು ಇವರೇ) ಮತ್ತು ನರೋತ್ತಮ್ ಮೊರಾರ್ಜಿ ಮುಂತಾದವರು ಗ್ವಾಲಿಯರ್ ಮಹಾರಾಜರ ‘ಲಾಯಲ್ಟಿ’ ಹಡಗು ಕೊಂಡರು. ಏಪ್ರಿಲ್ 5ಕ್ಕೆ ಅದು ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವೀಗ ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸೋದು. ಆದ್ರೆ ಹಡಗಿಗೆ ಆಗಲೇ ಮೂವತ್ತರ ಹತ್ತಿರ ವಯಸ್ಸು!

ಯುದ್ಧಕ್ಕೆ ಹೋದ ಹಡಗುಗಳು ವಾಪಸ್ ಬಂದ್ವು, ಹೊಸವೂ ನೀರಿಗಿಳಿದ್ವು, ಬಾಡಿಗೆ ಬಿತ್ತು. ಕೊರತೆಯ ಲಾಭ ಲೆಕ್ಕ ಹಾಕೋರು ಮರೆಯೋದು ಇದನ್ನೇ: ಏರಿದ ಬಾಡಿಗೆಯೇ ಇನ್ನಷ್ಟು ಹಡಗು ಕಟ್ಟಿಸುತ್ತೆ. ಸಾಲದ್ದಕ್ಕೆ ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿ ದರ ಇಳಿಸಿ ಹಿಂಡಿತು.

1923ರಲ್ಲಿ ಲಾಯಲ್ಟಿ ಗುಜರಿಗೆ ಹೋಯಿತು. ಅದೇ ವರ್ಷ ಸಿಂಧಿಯಾ, ಕರಾವಳಿ ಸಾಗಾಟವಷ್ಟೇ ಮಾಡ್ತೀವಿ ಅಂತ ಆ ಎದುರಾಳಿಗೇ ಬರೆದುಕೊಟ್ಟಿತು. ಅವಮಾನವೇ ಸರಿ, ಕಂಪನಿ ಮಾತ್ರ ಉಳೀತು.