ಗಾಳಿಯ ಅನಿಲಗಳು: ಲಿಂಗದಹಳ್ಳಿ ಸೀಮೆಯಲ್ಲಿ

ಗಾಳಿ ಹಲವು ಅನಿಲಗಳ ಮಿಶ್ರಣ. ನೀರಾವಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಅದರ ಗಾತ್ರದಲ್ಲಿ ಶೇ. 78.08 ಸಾರಜನಕ, ಶೇ. 20.95 ಆಮ್ಲಜನಕ, ಶೇ. 0.93 ಆರ್ಗಾನ್. ಇಂಗಾಲದ ಡೈಆಕ್ಸೈಡ್ ಶೇ. 0.04ರ ಆಸುಪಾಸಿನಲ್ಲಿದೆ, ನಿಯಾನ್, ಹೀಲಿಯಂ, ಮೀಥೇನ್ ಮೊದಲಾದವು ಲೇಶಮಾತ್ರ. ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಿಂದ ಘಾಟಿ ಹತ್ತಿ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋದರೂ ಈ ಪ್ರಮಾಣ ಬದಲಾಗುವುದಿಲ್ಲ. ಬೀಸುವ ಗಾಳಿ ಸುಮಾರು 80 ಕಿಲೋಮೀಟರ್ ಎತ್ತರದವರೆಗೂ ಅನಿಲಗಳನ್ನು ಕಲಕುತ್ತಲೇ ಇರುತ್ತದೆ. ಬೆಟ್ಟದ ಮೇಲೆ ಆಮ್ಲಜನಕದ ಪಾಲು ಕಡಿಮೆ ಎಂಬ ಮಾತು ಹಾಗಾಗಿ ಸರಿಯಲ್ಲ. ಇಳಿಯುವುದು ಒತ್ತಡ. ಕೆಮ್ಮಣ್ಣುಗುಂಡಿಯಲ್ಲಿ ಅದು ಸಮುದ್ರಮಟ್ಟಕ್ಕಿಂತ ಸುಮಾರು ಶೇ. 16ರಷ್ಟು ಕಡಿಮೆ, ಎಲ್ಲ ಅನಿಲಗಳೂ ಒಟ್ಟಿಗೇ ತೆಳುವಾಗಿರುತ್ತವೆ. ನೀರು ಅಲ್ಲಿ 95 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತಡ.

ಊರಿಂದೂರಿಗೆ ನಿಜವಾಗಿ ಏರುಪೇರಾಗುವುದು ನೀರಾವಿ. ಮುಂಗಾರಿನ ಗಾಳಿ ಬಾಬಾಬುಡನ್‌ಗಿರಿ ಸಾಲನ್ನು ಏರುವಾಗ ಒತ್ತಡ ಕಳೆದುಕೊಂಡು ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಮೋಡ ಕಟ್ಟುವವರೆಗೆ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿಯಂತೆ. ಆವಿ ಹನಿಯಾಗಿ ಗಿರಿಯ ಮೇಲೆಯೇ ಸುರಿದುಹೋಗುತ್ತದೆ. ಪೂರ್ವಕ್ಕೆ ಇಳಿಯುವ ಗಾಳಿ ಅದುಮಿಕೊಂಡು ಬಿಸಿಯಾಗುವುದರಿಂದ ಕಡೂರು, ಅಜ್ಜಂಪುರದ ಬಯಲು ಮಳೆಯ ನೆರಳಿಗೆ ಬೀಳುತ್ತದೆ. ತೇವದ ಗಾಳಿ ಭಾರವೆಂದು ಅನ್ನಿಸುವುದುಂಟು, ವಾಸ್ತವ ತಿರುಗುಮುರುಗು: ನೀರಿನ ಅಣುಭಾರ 18, ಒಣಗಾಳಿಯದು ಸರಾಸರಿ 29.

ಆಮ್ಲಜನಕ ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಅನಿಲ. ಕೆಮ್ಮಣ್ಣುಗುಂಡಿಯ ಅದಿರಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡಿರುವುದೂ ಅದೇ. 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಇಲ್ಲಿಯ ಅದಿರು ಹೋಗುತ್ತಿತ್ತು. ಊದುಕುಲುಮೆಯಲ್ಲಿ ಮರದ ಇದ್ದಿಲಿನಿಂದ ಹುಟ್ಟಿದ ಇಂಗಾಲದ ಮೊನಾಕ್ಸೈಡ್ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಡೈಆಕ್ಸೈಡ್ ಆಗಿ ಹೊರಬೀಳುತ್ತಿತ್ತು. ಸಾರಜನಕದ ಎರಡು ಪರಮಾಣುಗಳು ಮಾತ್ರ ಒಂದನ್ನೊಂದು ಬಿಡವು; ಅವನ್ನು ಬಿಡಿಸಿ ಗಿಡಕ್ಕೆ ಉಣಿಸುವುದು ಹುರುಳಿ, ಅಲಸಂದೆಯ ಬೇರುಗಂಟಿನ ಬ್ಯಾಕ್ಟೀರಿಯಾ. ಆರ್ಗಾನ್ ಯಾರ ಗೋಜಿಗೂ ಹೋಗುವುದಿಲ್ಲ.

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಯಲಿನಲ್ಲಿ ಬೆರೆತುಹೋಗುವ ಅದು ಮುಚ್ಚಿದ ತಗ್ಗಿನಲ್ಲೇ ಹುಟ್ಟಿದರೆ ಅಲ್ಲೇ ತಂಗುತ್ತದೆ. ನೆಲದಡಿ ರಾಗಿ ತುಂಬಿಡುವ ಹಗೇವು ಇದಕ್ಕೆ ಒಳ್ಳೆಯ ಉದಾಹರಣೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಕಾಳೂ ಹುಳವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸುತ್ತವೆ, ಅಷ್ಟೇ ಡೈಆಕ್ಸೈಡನ್ನು ಬಿಡುತ್ತವೆ. ಹುಳ ಸಾಯುತ್ತದೆ, ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ತೆರೆದ ಕೂಡಲೇ ಇಳಿದ ಮನುಷ್ಯನಿಗೂ ಹುಳದ ಗತಿಯೇ. ಆದ್ದರಿಂದ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡುವ ವಾಡಿಕೆ ಬಂದಿತು. ದೀಪ ಆರಿದರೆ ಇಳಿಯಬಾರದು, ಸರಿ. ಉರಿಯುತ್ತಿದ್ದರೆ ಇಳಿಯಬಹುದೆಂಬ ತೀರ್ಮಾನ ಮಾತ್ರ ಅಪಾಯದ್ದು. ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದಾಗಲಷ್ಟೇ ಜ್ವಾಲೆ ಆರುತ್ತದೆ. ಆ ವೇಳೆಗೆ ಡೈಆಕ್ಸೈಡ್ ಶೇ. 4ರಿಂದ 5ಕ್ಕೆ ಏರಿ, ತಲೆನೋವು, ಏದುಸಿರು ಶುರುವಾಗುವ ಮಟ್ಟ ಮುಟ್ಟಿರುತ್ತದೆ. ಮೇಲುಪದರದ ರಾಗಿ ತೆಗೆದು ಕೆಳಗೆ ಇಳಿದಂತೆ, ಕಾಳಿನ ಸಂದಿಯಲ್ಲಿ ಉಳಿದ ಅನಿಲವೂ ಹೊರಬರುತ್ತದೆ.