ಹೆಳವನ ಹೊತ್ತಗೆ ಮತ್ತು ಹುಲಜಂತಿಯ ಮನೆತನಗಳು

ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಹುಲಜಂತಿಯ ಮಾಳಿಂಗರಾಯನ ಗುಡಿಯ ಶಿಖರಕ್ಕೆ ಸಾಕ್ಷಾತ್ ಶಿವನೇ ಮುಂಡಾಸು ಸುತ್ತುತ್ತಾನೆಂಬುದು ಭಕ್ತರ ನಂಬುಗೆ. ಹುನ್ನೂರಿನ ಬೀರಪ್ಪನ ಪಲ್ಲಕ್ಕಿಯೂ ಮಾಳಿಂಗರಾಯನ ಪಲ್ಲಕ್ಕಿಯೂ ಭೆಟ್ಟಿಯಾಗುವ ಗಳಿಗೆಯಲ್ಲಿ ಭಂಡಾರ ಹಾರಿ ನೆಲಮುಗಿಲು ಒಂದಾಗುತ್ತವೆ. ಮಂಗಳವೇಢೆ ತಾಲೂಕಿನ ಈ ಊರಿಗೆ ಆಗ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳಿಂದ ಜನ ಹರಿದುಬರುತ್ತದೆ. ಡೊಳ್ಳಿನ ಸದ್ದಿನ ನಡುವೆಯೇ ಅಪರಿಚಿತರಿಬ್ಬರು ಮಾತಿಗಿಳಿದರೆ ಕೇಳಿಬರುವ ಪ್ರಶ್ನೆಗಳು ಎರಡು: "ನಿಮ್ಮ ಬೆಡಗು ಯಾವುದರೀ? ಮೂಲ ಊರು ಯಾವುದು?" ಹಿರಿಯರು ತಡವರಿಸದೆ ಉತ್ತರಿಸುತ್ತಾರೆ. ಅವರ ಜೊತೆಗೆ ಬಂದ ಮೊಮ್ಮಕ್ಕಳು ಹಿರಿಯರ ಮುಖ ನೋಡುತ್ತಾರೆ. ಈ ಲೇಖನಕ್ಕೆ ಕಾರಣವಾದುದು ಆ ನೋಟವೇ.

ನಮ್ಮ ಸೀಮೆಯಲ್ಲಿ ವಂಶಾವಳಿಯನ್ನು ಕಾಪಾಡುವ ಹೊಣೆಯನ್ನು ಶತಮಾನಗಳಿಂದ ಹೊತ್ತವರು ಹೆಳವರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರು ಹೊಗುವ ಇವರನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಸಂಪುಟಗಳಲ್ಲಿ ಹಳ್ಳಿಗಳ ಚರಿತ್ರೆಯ ರಕ್ಷಕರೆಂದು ದಾಖಲಿಸಿದ್ದಾನೆ. ಮಹಾರಾಷ್ಟ್ರ ಸರಕಾರದ ಅಲೆಮಾರಿ ಜನಾಂಗಗಳ ಯಾದಿಯಲ್ಲಿ ಇವರ ಹೆಸರು 'ಹೆಳವೆ' ಎಂದಿದೆ. ಸುಗ್ಗಿ ಮುಗಿದ ಮೇಲೆ ಹೆಳವ ಬಂದು ಜಗಲಿಯ ಮೇಲೆ ಕುಳಿತು ಹೊತ್ತಗೆ ಬಿಚ್ಚಿದನೆಂದರೆ ಮನೆತನದ ಮೂಲಪುರುಷ, ಬಿಟ್ಟುಬಂದ ಊರು, ಮನೆದೇವರು, ಬೆಡಗು, ಕವಲೊಡೆದ ಅಣ್ಣತಮ್ಮಂದಿರು ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಬರೆಸಿ, ಕಾಳುಕಡಿಯನ್ನೋ ಬಟ್ಟೆಯನ್ನೋ ಕೊಟ್ಟು ಕಳಿಸುವುದು ರೂಢಿ. ನನ್ನ ಚಿಕ್ಕಂದಿನಲ್ಲಿ ಹೆಳವನೊಬ್ಬ ನಮ್ಮ ಅಜ್ಜನ ಅಜ್ಜನ ಹೆಸರು ಹೇಳಿದಾಗ ಅಜ್ಜ ತಲೆಯ ಪಟಗ ತೆಗೆದು ಮಡಿಲಲ್ಲಿ ಇಟ್ಟುಕೊಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಆ ಹೆಸರು ಯಾವುದೆಂಬುದು ಮಾತ್ರ ನನಗೆ ನೆನಪಿಲ್ಲ. ಬರೆದಿಟ್ಟುಕೊಳ್ಳಬೇಕೆಂದು ಮನೆಯಲ್ಲಿ ಯಾರಿಗೂ ತೋರಲಿಲ್ಲ.

ಈಗ ಹೆಳವರ ಮಕ್ಕಳೂ ಶಾಲೆ ಕಲಿತು ಬೇರೆ ಉದ್ಯೋಗ ಹಿಡಿದಿದ್ದಾರೆ; ಅದು ಆಗಬೇಕಾದದ್ದೇ. ಅತ್ತ ವಂಶಾವಳಿಯ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಿದೆ. ಮಹಾರಾಷ್ಟ್ರದಲ್ಲಿ ಅಲೆಮಾರಿ ಜನಾಂಗಗಳ ಜಾತಿ ಪಡತಾಳಣಿಗೆ 1961ರ ನವೆಂಬರ್ 21ಕ್ಕಿಂತ ಹಿಂದಿನ ಪುರಾವೆ ಬೇಕು. ಅದರ ಜೊತೆಗೆ ವಂಶಾವಳಿಯನ್ನೂ ಲಗತ್ತಿಸಬೇಕು. ಧನಗರರೆಂದು ದಾಖಲಾದ ನಮ್ಮ ಹಾಲುಮತದ ಮಕ್ಕಳಿಗೆ ಕಾಲೇಜು ಸೇರುವಾಗ ಎದುರಾಗುವ ಮೊದಲ ಗೋಡೆ ಇದು. ಕನ್ನಡದ ಮಾಳಪ್ಪ ಒಂದು ಕಾಗದದಲ್ಲಿ ಮಾಳಪ್ಪನಾಗಿಯೂ ಇನ್ನೊಂದರಲ್ಲಿ ಮಹಾಳಾಪ್ಪನಾಗಿಯೂ ಇದ್ದರೆ, ಇಬ್ಬರೂ ಒಬ್ಬನೇ ಎಂದು ಸಾಧಿಸುವ ಭಾರ ಮೊಮ್ಮಗನ ಮೇಲೆ ಬೀಳುತ್ತದೆ. ಮಂಗಳವೇಢೆ 1948ರ ವಿಲೀನದವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅಕ್ಕಲಕೋಟೆಯದು ಬೇರೆಯೇ ಸಂಸ್ಥಾನ. ಹಳೆಯ ದಫ್ತರಗಳು ಮೋಡಿ ಲಿಪಿಯಲ್ಲಿವೆ, ಹೆಳವನ ಹೊತ್ತಗೆ ಕನ್ನಡದಲ್ಲಿದೆ, ಅರ್ಜಿ ಮರಾಠಿಯಲ್ಲಿ ಹೋಗಬೇಕು. ಮೂರನ್ನೂ ಓದಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ.

ಇಂಥ ಕೆಲಸವನ್ನು ಸರಕಾರವೋ ವಿಶ್ವವಿದ್ಯಾಲಯವೋ ಮಾಡಲಿ ಎಂದು ಕಾಯುವುದು ಸಲ್ಲದು. ವಿ. ಕಾ. ರಾಜವಾಡೆಯವರು ಊರೂರು ಅಲೆದು ಮನೆಮನೆಯ ಕಾಗದಪತ್ರ ಸಂಗ್ರಹಿಸಿ ಮರಾಠರ ಇತಿಹಾಸದ ಸಾಧನಗಳನ್ನು 22 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿದ್ದು ಅಂಥವರ ಛಲದಿಂದ. ಧಾರವಾಡದಲ್ಲಿ ಆಲೂರ ವೆಂಕಟರಾಯರು ಇತಿಹಾಸ ಮಂಡಳ ಕಟ್ಟಿದ್ದೂ ಅದೇ ದಶಕದಲ್ಲಿ. ಇನ್ನೂ ಹತ್ತಿರದ ನಿದರ್ಶನವೆಂದರೆ ಸೊಲ್ಲಾಪುರದ ಆನಂದ ಕುಂಭಾರರು. ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವನ್ನು ಬೆಳಕಿಗೆ ತಂದವರು ಅವರು. ಮರಾಠಿಯ ಅತಿ ಪ್ರಾಚೀನ ಶಾಸನಗಳ ಚರ್ಚೆ ಇಂದು ಅದನ್ನು ಬಿಟ್ಟು ಸಾಗದು. ಡಾ. ಶ್ರೀನಿವಾಸ ರಿತ್ತಿಯವರೊಡನೆ ಅವರು ಹೊರತಂದ ಸೊಲ್ಲಾಪುರ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಸಿಗುವುದು ಬಹುಪಾಲು ಕನ್ನಡ. ಮರಾಠಿಗೂ ಕನ್ನಡಕ್ಕೂ ಒಂದೇ ಕೈ ದುಡಿದದ್ದು ಈ ನೆಲದ ಗುಣವೆನ್ನಬೇಕು.

ನಮ್ಮ ಸಂಘದ ಆಶ್ರಯದಲ್ಲಿ ಹುಲಜಂತಿ ಸೀಮೆಗೆ ಒಂದು ಚರಿತ್ರೆ-ವಂಶಾವಳಿ ಮಂಡಳ ಆಗಬೇಕೆಂಬುದು ನನ್ನ ಸೂಚನೆ. ಅದಕ್ಕೆ ಕಟ್ಟಡ ಬೇಡ; ಒಂದು ಕಪಾಟು, ನಾಲ್ಕು ದಪ್ಪ ದಫ್ತರ, ಭಾನುವಾರ ಬಿಡುವಿರುವ ಐದಾರು ಮಂದಿ ಸಾಕು. ಯಾರ ಮನೆಯ ಮೂಲ ಕಾಗದವನ್ನೂ ತರಕೂಡದು. ಮೊಬೈಲಿನಲ್ಲಿ ಚಿತ್ರ ತೆಗೆದು ಅಲ್ಲಿಯೇ ಮರಳಿಸಬೇಕು. ಎರವಲು ಪಡೆದ ಕಾಗದ ಕಳೆದುಹೋದರೆ ಆ ಓಣಿಯಲ್ಲಿ ಮತ್ತೊಂದು ಬಾಗಿಲು ತೆರೆಯುವುದಿಲ್ಲ. ಹೆಳವ ಹೇಳಿದ್ದು, ಮನೆಯವರು ಹೇಳಿದ್ದು, ದಫ್ತರದಲ್ಲಿ ಇರುವುದು ಬೇರೆಬೇರೆಯಾಗಿದ್ದರೆ ಮೂರನ್ನೂ ಬರೆಯಬೇಕು, ಹೇಳಿದವರ ಹೆಸರು ಮತ್ತು ತಾರೀಖಿನೊಡನೆ. ಯಾವುದು ನಿಜವೆಂದು ತೀರ್ಪು ಕೊಡುವ ಆತುರ ನಮಗೆ ಬೇಡ. ಉಡಿಕೆ, ದತ್ತಕ, ಹೊಲದ ಪಾಲು ಇವು ಇನ್ನೂ ಹಸಿಯಾಗಿರುವ ಸಂಗತಿಗಳು. ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸಬಾರದು. ಮಂಡಳವು ದಾಖಲೆ ಪತ್ರ ಕೊಡುವ ಕಚೇರಿಯಾಗಲೂ ಬಾರದು. ಆದರೆ ಇಂಥ ಕಾಗದ ಇಂಥಲ್ಲಿದೆಯೆಂದು ದಾರಿ ತೋರಿಸಿದರೂ ಒಂದು ಕುಟುಂಬದ ವರ್ಷಗಟ್ಟಲೆಯ ಅಲೆದಾಟ ತಪ್ಪೀತು. ಹೆಳವ ಬಂದರೆ ಗೌರವಧನ ಕೊಟ್ಟು, ಅವನೆದುರಿಗೇ ಬರೆದುಕೊಳ್ಳಬೇಕು. ಆ ಹೊತ್ತಗೆ ಅವನ ಆಸ್ತಿ. ನಕಲು ತೆಗೆಯುವುದು ಅವನ ಒಪ್ಪಿಗೆಯ ಮೇಲೆ.

ಒಂದು ಮಾತು ಉಳಿಯಿತು. ಹೊತ್ತಗೆಗಳಲ್ಲಿ ಹೆಚ್ಚಾಗಿ ಸಾಗುವುದು ಗಂಡುಮಕ್ಕಳ ಸಾಲು. ಮಗಳು ಎಲ್ಲಿಗೆ ಹೋದಳು, ಸೊಸೆ ಎಲ್ಲಿಂದ ಬಂದಳು ಎಂಬುದನ್ನು ಬಲ್ಲವರು ಮನೆಯ ಅಜ್ಜಿಯರು. ಇಂಡಿ, ಚಡಚಣ, ಜತ್ತ, ಅಕ್ಕಲಕೋಟೆಗಳನ್ನು ಹುಲಜಂತಿಗೆ ಹೆಣೆದದ್ದು ಸಂಸ್ಥಾನಗಳಲ್ಲ, ಈ ಬೀಗತನಗಳು. 1956ರಲ್ಲಿ ಗೆರೆ ಎಳೆದಾಗ ಆಚೆ ಉಳಿದವರು ತವರಿನವರು, ಈಚೆ ಉಳಿದವರು ಅತ್ತೆಮನೆಯವರು. ಆದುದರಿಂದ ನಮ್ಮ ದಫ್ತರದಲ್ಲಿ ಪ್ರತಿ ಹೆಸರಿನ ಮುಂದೆ ತಾಯಿಯ ಹೆಸರಿಗೂ ಅವಳ ತವರೂರಿಗೂ ಒಂದು ಮನೆ ಬಿಟ್ಟಿರಬೇಕು. ಬರುವ ದೀಪಾವಳಿಗೆ ಹುಲಜಂತಿಗೆ ಹೋಗುವವರು ಭಂಡಾರದ ಚೀಲದೊಡನೆ ಒಂದು ನೋಟುಬುಕ್ಕನ್ನೂ ಒಯ್ಯಲಿ. ಮೊದಲು ತಮ್ಮ ಮನೆಯ ಅಜ್ಜಿಯನ್ನೇ ಕೇಳಲಿ.